ಹಮೂದರ ಪಿಕಪ್ಪಿಗೆ ಕಟ್ಟಿದ ಕಮಾನು

ಮದುವೆ ಹಾಲಿನ ಎದುರು ಗಾಡಿಗಳು ಸಾಲಾಗಿ ನಿಂತಿದ್ದರೆ ನಾನು ಈಗಲೂ ಒಳಗೆ ಹೋಗುವ ಮೊದಲು ಒಂದು ಸುತ್ತು ಬಗ್ಗಿ ನೋಡುತ್ತೇನೆ. ಯಾವುದರ ಹಿಂಭಾಗ ಕುಸಿದಿದೆ, ಯಾವುದು ಎಡಕ್ಕೆ ವಾಲಿದೆ, ಯಾರು ಶೋಕಿಗೆ ಹಿಂದೆ ಎತ್ತರ ಮಾಡಿಸಿಕೊಂಡು ಬಂದಿದ್ದಾರೆ, ಎಲ್ಲ ನೋಡಬೇಕು. "ಎಂಥ ಬಿದ್ದುಹೋಗಿದೆ ನಿಮ್ಮದು ಅಲ್ಲಿ? ಇಸ್ತ್ರಿ ಹಾಕಿದ ಪಂಚೆ ಉಟ್ಟುಕೊಂಡು ಟಯರಿನ ಅಡಿಗೆ ಇಣುಕುತ್ತೀರಲ್ಲ!" ಎಂದು ನನ್ನ ಹೆಂಡತಿ ಸುಮತಿ ಬೈಯುತ್ತಾಳೆ. ಏನು ಮಾಡುವುದು ಮಾರಾಯ್ರೆ, ಆಯುಷ್ಯದ ಒಳ್ಳೆಯ ಪಾಲನ್ನು ಗಾಡಿಗಳ ಹಿಂಭಾಗ ನೋಡುತ್ತಲೇ ಕಳೆದವನು ನಾನು.

ಹೆಸರು ಸದಾನಂದ, ಊರು ಉಡುಪಿಯ ಹತ್ತಿರ. ಕೆಲಸ ಮಾಡಿದ್ದು ಒಮಾನ್‌ನಲ್ಲಿ, ಮಸ್ಕತ್ತಿನ ವಾದಿ ಕಬೀರ್‌ನ ಒಂದು ಗ್ಯಾರೇಜಿನಲ್ಲಿ. ಇಂಜಿನ್ನು, ಗೇರು, ಎ.ಸಿ. ಎಲ್ಲ ಬೇರೆಯವರಿಗೆ. ನಮ್ಮ ಶೆಡ್ಡಿನದ್ದು ಸಸ್ಪೆನ್ಶನ್ ಮಾತ್ರ. ಅಂದರೆ ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಇರುವುದೆಲ್ಲ. ಪಿಕಪ್ಪು, ಲಾರಿಗಳ ಹಿಂದಿನ ಆಕ್ಸಲಿನ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರಲ್ಲ, ಅದೇ ಕಮಾನು. ರಸ್ತೆಯ ಪೆಟ್ಟನ್ನೆಲ್ಲ ಅದು ತಿನ್ನಬೇಕು, ಮೇಲೆ ಕೂತವನಿಗೆ ಗೊತ್ತಾಗಬಾರದು.

ಈಗ ಐ.ಟಿ.ಐ. ಮುಗಿಸಿ ಗಲ್ಫಿಗೆ ಹೊರಟ ಹುಡುಗರು ಮನೆಗೆ ಬರುತ್ತಾರೆ. ವೀಸಾ ಹೇಗೆ, ರೂಮು ಹೇಗೆ, ಊಟಕ್ಕೆ ಕುಚ್ಚಲಕ್ಕಿ ಸಿಗುತ್ತದಾ ಎಂದೆಲ್ಲ ಕೇಳುತ್ತಾರೆ. ಕೆಲಸ ಹೇಗಿತ್ತು ಅಂಕಲ್ ಎಂದು ಒಬ್ಬನಾದರೂ ಕೇಳಬೇಕಲ್ಲ! ಕೇಳುವುದಿಲ್ಲ. ಅದಕ್ಕೇ ನಾನೇ ಬರೆಯಲಿಕ್ಕೆ ಕೂತದ್ದು. ನನಗೆ ಯಾವಾಗ ಪ್ರಮೋಶನ್ ಆಯಿತು, ಯಾರು ಶಾಲು ಹೊದೆಸಿದರು ಎನ್ನುವುದನ್ನು ಓದಿ ಯಾರಿಗೆ ಏನಾಗಬೇಕು? ಒಂದು ಪಿಕಪ್ಪಿನ ಕಥೆ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂಟೆಯ ವಿಷಯ ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ.

ನಮ್ಮ ಶೆಡ್ಡಿನ ಮೇಸ್ತ್ರಿ ಉಸ್ತಾದ್ ರಹೀಂ. ಪೇಶಾವರದ ಕಡೆಯವರು, ದಪ್ಪ ಮೀಸೆ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಸ್ವರ. ಆಗ ಪ್ಲೇಟುಗಳ ರೆಡಿಮೇಡ್ ಸೆಟ್ ಬಾಕ್ಸಿನಲ್ಲಿ ಬರುತ್ತಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗು ಎಳೆದು, ಪ್ಲೇಟನ್ನು ಕುಲುಮೆಯಲ್ಲಿ ಕಾಯಿಸಿ, ಆ ಗೆರೆಗೆ ಕೂರುವವರೆಗೆ ಬಡಿಯಬೇಕಿತ್ತು. ಉಸ್ತಾದ್ ಬಡಿಯುವುದು, ನಾನು ಇಕ್ಕಳ ಹಿಡಿಯುವುದು. ನನಗೆ ಬೈದಷ್ಟು ಅವರು ಯಾರಿಗೂ ಬೈದಿಲ್ಲ, ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟದ್ದೂ ನನಗೇ ಹೆಚ್ಚು.

ಮ್ಯಾನೇಜರ್ ನಮ್ಮ ಕಡೆಯ ಪೈಗಳು. ಗಾಜಿನ ಆಫೀಸಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ "ಖಲಾಸಾ?" ಎಂದು ಕೇಳುವುದು ಅವರ ಮುಖ್ಯ ಕೆಲಸ. ಯಾವ ಕೆಲಸವೂ ಬೇಗ ಮುಗಿಯಬೇಕು ಅವರಿಗೆ. ಮನುಷ್ಯ ಮಾತ್ರ ಚಿನ್ನ. ನನಗೆ ಟೈಫಾಯ್ಡ್ ಆದಾಗ ಅವರ ಮನೆಯಿಂದ ದಿನಾ ಗಂಜಿ ಬರುತ್ತಿತ್ತು.

ಒಮ್ಮೆ ಮರುಭೂಮಿಯಲ್ಲಿ ಒಂಟೆ ಸಾಕುವ ಒಬ್ಬ ಬದೂ ಮುದುಕ ಬಂದ. ಅವನ ಪಿಕಪ್ಪಿಗೆ ನಾವು ಪ್ಲೇಟು ಸೇರಿಸಿ ಕೊಟ್ಟಿದ್ದೆವು. ಒಂಟೆ ಹೇರಿದರೆ ಈಗಲೂ ಮುಂದಿನ ಚಕ್ರ ನೆಲಕ್ಕೆ ಸರಿಯಾಗಿ ತಾಗುವುದಿಲ್ಲ, ಸ್ಟಿಯರಿಂಗ್ ತೇಲುತ್ತದೆ ಎಂದು ಅವನ ದೂರು. "ಹಾಗಾದರೆ ಒಂಟೆ ತೆಗೆದುಕೊಂಡು ಬಾ" ಎಂದರು ಉಸ್ತಾದ್. ಮರುದಿನ ಅವನು ನಿಜವಾಗಿಯೂ ತಂದ! ಒಂಟೆ ಪಿಕಪ್ಪಿನ ಹಿಂಬಾಗಿಲಿನ ಕಡೆಗೇ, ಆಕ್ಸಲಿಗಿಂತ ಹಿಂದೆ, ಮಹಾರಾಣಿಯ ಹಾಗೆ ಕೂತಿತ್ತು. ಉಸ್ತಾದ್ ಅದನ್ನು ಮುಂದಕ್ಕೆ ಸರಿಸಲು ಹೋದರು. ಅದು ಎದ್ದು ನಿಂತು, ಕತ್ತು ಚಾಚಿ ಪೈಗಳ ಕಿಟಕಿಯೊಳಗೆ ಮುಖ ಹಾಕಿತು. ಪೈಗಳು "ಅಯ್ಯಯ್ಯೋ ದೇವರೇ" ಎಂದು ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಒಂಟೆ ಅವರ ಟೇಬಲ್ಲಿನ ಮೇಲಿದ್ದ ದಿನಪತ್ರಿಕೆಯನ್ನು ಶಾಂತವಾಗಿ ತಿಂದಿತು.

ಕೊನೆಗೆ ಒಂಟೆಯನ್ನು ಕ್ಯಾಬಿನ್ನಿಗೆ ತಾಗಿಸಿ ಕೂರಿಸುವ ಹಾಗೆ ಅಡ್ಡ ಪಟ್ಟಿ ಹಾಕಿಕೊಟ್ಟೆವು, ಸ್ಟಿಯರಿಂಗ್ ಸರಿಯಾಯಿತು. ತೂಕ ಎಷ್ಟು ಎನ್ನುವುದರಷ್ಟೇ ಅದು ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ ಎಂದು ನಾನು ಕಲಿತದ್ದು ಆವತ್ತೇ. ಪೈಗಳು ಕಲಿತದ್ದು ಬೇರೆ. "ಇನ್ನು ಮೇಲೆ ನಮ್ಮ ಗ್ಯಾರೇಜಿನಲ್ಲಿ ಜೀವ ಇರುವ ಯಾವುದನ್ನೂ ಹೇರಿ ಟೆಸ್ಟ್ ಮಾಡಬಾರದು. ಮರಳಿನ ಮೂಟೆ ಹಾಕಿ ನೋಡಿ, ಸಾಕು" ಎಂದು ಆರ್ಡರ್ ಮಾಡಿದರು. ಅಂದಿನಿಂದ ಎಂಥ ಗಾಡಿ ಬಂದರೂ ಅದು ಹೊರುವಷ್ಟೇ ತೂಕದ ಮರಳಿನ ಮೂಟೆ ಹೇರುವುದು, ಹಿಂಭಾಗ ಸಮ ನಿಂತಿತೋ, ಖಲಾಸ್. ಬಹಳ ವರ್ಷ ಹಾಗೇ ನಡೆಯಿತು.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಒಂದು ಬೆಳಿಗ್ಗೆ ಹಮೂದ್ ಎಂಬವರು ಬಂದರು. ಒಮಾನಿ, ಐವತ್ತರ ಆಸುಪಾಸು, ಸೀಬ್‌ನಲ್ಲಿ ಮನೆ, ಸರ್ಕಾರಿ ಶಾಲೆಯಲ್ಲಿ ಭೂಗೋಳ ಹೇಳಿಕೊಡುವವರು. ಮೆಲ್ಲಗೆ ಮಾತಾಡುವವರು. ಅವರ ಜಪಾನಿ ಪಿಕಪ್ಪಿನ ಮೇಲೆ ಒಂದು ಬಿಳಿ ಪೆಟ್ಟಿಗೆ ಕೂತಿತ್ತು. ಪೆಟ್ಟಿಗೆ ಎಂದರೆ ಒಂದು ಪುಟ್ಟ ಕೋಣೆಯೇ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಹಿಂದೆ ಬಾಗಿಲು. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಾಲು. ಕಾಲು ಇಳಿಸಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರೆ ಅಡಿಯಿಂದ ಪಿಕಪ್ಪನ್ನು ಹೊರಗೆ ತೆಗೆಯಬಹುದು. ಊರಿಗೆ ಹೊರಟ ಒಬ್ಬ ಬಿಳಿಯ ಇಂಜಿನಿಯರ್ ಅದನ್ನು ಇವರಿಗೆ ಬಿಟ್ಟುಹೋಗಿದ್ದನಂತೆ. ಎರಡು ಒಂಟೆಯ ತೂಕ ಅದಕ್ಕೆ. ಪಾಪದ ಪಿಕಪ್ಪಿನ ಹಿಂಭಾಗ ನೆಲಕ್ಕೆ ಕೂತುಬಿಟ್ಟಿತ್ತು, ಹೆಡ್‌ಲೈಟು ಆಕಾಶ ನೋಡುತ್ತಿತ್ತು.

"ಪಿಕ್ನಿಕ್ಕಿಗಾ ಅರ್ಬಾಬ್?" ಎಂದು ಕೇಳಿದೆ. ಅಲ್ಲಿ ಯಜಮಾನರನ್ನೆಲ್ಲ ಹಾಗೇ ಕರೆಯುವುದು.

"ಅಲ್ಲ ಸದೀಕ್, ಅಮ್ಮನಿಗೆ" ಎಂದರು. ಸದೀಕ್ ಎಂದರೆ ಗೆಳೆಯ.

ಅವರ ಅಮ್ಮ ಝೈನಾ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಕುಸಿದಿತ್ತು. ಮಲಗಿದರೆ ತೊಂದರೆಯಿಲ್ಲ, ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆಯುತ್ತಾರೆ, ಆದರೆ ಕಾರಿನ ಸೀಟಿನಲ್ಲಿ ಕೂರಿಸಿ ಒಂದು ಗುಂಡಿ ಹಾರಿಸಿದರೆ ಕಿರುಚುತ್ತಾರೆ. ಅವರಿಗೊಬ್ಬ ಅಕ್ಕ. ಸಿನಾವ್ ದಾಟಿ ಸಮುದ್ರದ ಕಡೆ, ಡಾಂಬರು ಮುಗಿದ ಮೇಲೂ ಬಹಳ ದೂರ ಹೋದರೆ ಸಿಗುವ ಮೀನುಗಾರರ ಹಳ್ಳಿಯಲ್ಲಿ ಆಕೆಯ ಮನೆ. ಕಣ್ಣು ಕಾಣುವುದಿಲ್ಲ. ಗುರುತಿಲ್ಲದ ಮನೆಗೆ ಬಂದರೆ ಗೋಡೆ ಎಲ್ಲಿ, ಹೊಸ್ತಿಲು ಎಲ್ಲಿ ಎಂದು ತಡಕಾಡಬೇಕು, ನಾನು ಬರುವುದಿಲ್ಲ ಎಂದು ಹಟ. ಮೀನಿನ ಲಾರಿಯವರ ಕೈಯಲ್ಲಿ ತಂಗಿಗೆ ಒಣಮೀನು ಕಳಿಸುವುದು, ತಂಗಿ ಇಲ್ಲಿಂದ ಹಲ್ವಾ ಕಳಿಸುವುದು. ಎಷ್ಟೋ ವರ್ಷದಿಂದ ಒಬ್ಬರ ಕೈ ಒಬ್ಬರು ಮುಟ್ಟಿಲ್ಲ.

"ಮಲಗಿಕೊಂಡೇ ಹೋಗಬೇಕು. ನೋವಾಗದ ಹಾಗೆ ಹೋಗಬೇಕು. ಒಂದು ಸಲ ಅಕ್ಕನನ್ನು ನೋಡಿ ಬರಲಿ. ಮಾಡಿಕೊಡುತ್ತೀರಾ?" ಎಂದರು ಹಮೂದ್.

"ಅದೇನು ದೊಡ್ಡದು!" ಎಂದು ಉಸ್ತಾದ್ ಎದೆ ತಟ್ಟಿದರು. ಕುಸಿದದ್ದನ್ನು ಎತ್ತುವುದು ನಮಗೆ ನೀರು ಕುಡಿದ ಹಾಗೆ. ಪೆಟ್ಟಿಗೆ ಇಳಿಸಿ, ಎರಡೂ ಕಡೆ ದಪ್ಪ ದಪ್ಪ ಪ್ಲೇಟು ಸೇರಿಸಿ, ಯು-ಬೋಲ್ಟ್ ಬಿಗಿದು, ಮರಳಿನ ಮೂಟೆ ಹೇರಿದೆವು. ಗಾಡಿ ಸಮ ನಿಂತಿತು. ಪೈಗಳು ಕಿಟಕಿಯಿಂದ "ಖಲಾಸಾ?" ಎಂದರು. "ಖಲಾಸ್!" ಎಂದೆವು.

ಹಮೂದ್ ಬಂದು ಪೆಟ್ಟಿಗೆ ಕೂರಿಸಿಕೊಂಡರು. ಸುತ್ತ ಒಂದು ಸಲ ಬಂದು, "ಇದರಲ್ಲಿ ಯಾರು ಮಲಗಿ ನೋಡಿದಿರಿ?" ಎಂದು ಕೇಳಿದರು.

"ಮಲಗುವುದು ಅಂದರೆ... ಮೂಟೆ ಹಾಕಿ ನೋಡಿದೆವು" ಎಂದರು ಪೈಗಳು.

"ಮೂಟೆಗೆ ಬೆನ್ನಿದೆಯಾ?"

ಇನ್ನು ಯಾರಾದರೂ ಮಲಗಿ ನೋಡಲೇಬೇಕು. ಉಸ್ತಾದರ ಹೊಟ್ಟೆ ಆ ಬಾಗಿಲಿನಲ್ಲಿ ಹಿಡಿಸುವಂಥದ್ದಲ್ಲ. ಪೈಗಳಿಗೆ ಆಗಲೇ ಒಂದು ಅರ್ಜೆಂಟ್ ಫೋನ್ ಬಂತು. ಉಳಿದವನು ನಾನು. "ಯಲ್ಲಾ ಸದಾ ಭಾಯ್, ಇವತ್ತು ನೀನೇ ಅಮ್ಮ" ಎಂದು ಉಸ್ತಾದ್ ನನ್ನನ್ನು ಒಳಗೆ ದಬ್ಬಿ ಬಾಗಿಲು ಹಾಕಿದರು. ಹಮೂದ್ ಸ್ಟಿಯರಿಂಗ್ ಹಿಡಿದರು.

ಖುರಿಯಾತ್ ದಾಟಿ ಸೂರ್‌ಗೆ ಹೋಗುವ ಕರಾವಳಿ ರಸ್ತೆ ಆಗಿನ್ನೂ ಮಣ್ಣಿನದು, ಟೆಸ್ಟಿಗೆ ಹೊರಟದ್ದು ಅಲ್ಲಿಗೇ. ಡಾಂಬರು ಇರುವಷ್ಟು ಹೊತ್ತು ನಾನು ರಾಜನ ಹಾಗೆ ಮಲಗಿದ್ದೆ. ರೌಂಡಬೌಟ್ ಬಂದಾಗಲೆಲ್ಲ ಪೆಟ್ಟಿಗೆ ವಾಲಿ ಗೋಡೆಗೆ ಒರಗುತ್ತಿದ್ದೆ, ಅಷ್ಟೇ. ಮಣ್ಣು ರಸ್ತೆ ಶುರುವಾಯಿತು ನೋಡಿ! ಅಲ್ಲಿಯ ಮಣ್ಣು ರಸ್ತೆ ಎಂದರೆ ಮನೆಯ ಮಾಡಿಗೆ ಹಾಕುವ ಸಿಮೆಂಟ್ ಶೀಟಿನ ಮೇಲೆ ಓಡಿಸಿದ ಹಾಗೆ, ಉದ್ದಕ್ಕೂ ಏರು ತಗ್ಗು. ದಪ್ಪ ಪ್ಲೇಟು ಬಾಗಲೇ ಇಲ್ಲ. ಪ್ರತಿಯೊಂದು ಏರೂ ನೇರ ನನ್ನ ಬೆನ್ನಿಗೇ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು. ಒಂದು ಹಳ್ಳ ಇಳಿದು ಹತ್ತುವಾಗ ನಾನು ಹಾಸಿಗೆಯಿಂದ ಎದ್ದು ಒಲೆಯ ಹತ್ತಿರ ಬಿದ್ದೆ. ಬೊಬ್ಬೆ ಹಾಕಿದೆ, ಕ್ಯಾಬಿನ್ನಿಗೆ ಕೇಳಿಸಬೇಕಲ್ಲ! ಎಲ್ಲಮ್ಮ, ದುರ್ಗಮ್ಮ, ಊರಿನ ದೈವ ಬೊಬ್ಬರ್ಯ, ಎಲ್ಲರಿಗೂ ಹರಕೆ ಹೇಳಿಕೊಂಡೆ.

ಬಾಗಿಲು ತೆಗೆದಾಗ ನನ್ನ ಹಣೆಯ ಮೇಲೆ ಲಿಂಬೆಯಷ್ಟು ದೊಡ್ಡ ಬುಗುಟು. ನನಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಹಮೂದ್ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ನೀರು ಕೊಟ್ಟರು, ನನ್ನ ಹಣೆ ಸವರಿದರು, ಆಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಸಮುದ್ರ ನೋಡುತ್ತಾ, "ಹಾಗಾದರೆ ಅಮ್ಮನಿಗೆ ಹೋಗಲಿಕ್ಕಾಗುವುದಿಲ್ಲ" ಎಂದರು. ಆ ಮಾತು ಕೇಳಿ ನನ್ನ ಬುಗುಟಿನ ನೋವು ಮರೆತೇಹೋಯಿತು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮಾರನೆಯ ದಿನ ಉಸ್ತಾದ್ ಸುತ್ತಿಗೆ ಮುಟ್ಟಲಿಲ್ಲ. "ಡಾಕ್ಟರ್ ರೋಗಿಯನ್ನು ನೋಡದೆ ಮದ್ದು ಕೊಡುತ್ತಾನಾ? ನಡಿ ಸೀಬ್‌ಗೆ" ಎಂದರು. ಇಬ್ಬರೂ ಹಮೂದರ ಮನೆಗೆ ಹೋದೆವು. ನಡುಮನೆಯಲ್ಲಿ ನೆಲಕ್ಕೆ ಹಾಸಿದ ಹಾಸಿಗೆಯ ಮೇಲೆ ಝೈನಾ ಅಜ್ಜಿ ಎಡಮಗ್ಗುಲಾಗಿ ಮಲಗಿದ್ದರು. ಹಿಡಿಯಷ್ಟೇ ಮೈ, ಕಣ್ಣು ಮಾತ್ರ ಮಿಂಚು. ಉಸ್ತಾದ್ ಬಾಗಿಲಲ್ಲೇ ಸಂಕೋಚದಿಂದ ನಿಂತರು. ಅಜ್ಜಿ ನನ್ನ ಹಣೆ ನೋಡಿ, "ನನ್ನ ಬದಲು ಪೆಟ್ಟು ತಿಂದವನು ಇವನೇನಾ?" ಎಂದು ಮಗನನ್ನು ಕೇಳಿದರು. ಕಹ್ವಾ ಕಾಫಿ ಬಂತು, ಖರ್ಜೂರ ಬಂತು.

"ನಿನ್ನ ಅಮ್ಮನಿಗೆ ಅಕ್ಕ ಇದ್ದಾಳಾ?" ಎಂದು ನನ್ನನ್ನು ಕೇಳಿದರು. ನನ್ನ ಹರಕು ಅರಬ್ಬಿಯಲ್ಲಿ ಹೇಳಿದೆ, "ಇದ್ದಾರೆ ಅಜ್ಜಿ. ಇಬ್ಬರೂ ಒಂದು ಕಡೆ ಸೇರಿದರೆ ಜಗಳವೇ."

ಅಜ್ಜಿ ನಕ್ಕು ನೋವಾಗಿ ಬೆನ್ನು ಹಿಡಿದುಕೊಂಡರು. "ನಾವೂ ಹಾಗೇ ಮಗಾ. ಇಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಯಾರೂ ಜಗಳ ಆಡುವುದಿಲ್ಲ. ನನ್ನ ಬಾಯಿಗೆ ತುಕ್ಕು ಹಿಡಿದಿದೆ" ಎಂದರು.

ಹೊರಗೆ ಬಂದು ಉಸ್ತಾದ್ ಗಾಡಿ ಹತ್ತಿದರು. ಆಮೇಲೆ ಹಮೂದರ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. "ಆ ಪೆಟ್ಟಿಗೆ ಯಾವಾಗಲೂ ಗಾಡಿಯ ಮೇಲೇ ಇರುತ್ತದಾ ಅರ್ಬಾಬ್? ಇಳಿಸಿ ಖಾಲಿ ಓಡಿಸುವುದಿದೆಯಾ?"

"ಇಳಿಸುವುದಿಲ್ಲ. ಯಾವಾಗಲೂ ಮೇಲೇ."

"ಹಾಗಿದ್ದರೆ ನಾನು ಪೆಟ್ಟಿಗೆಯ ತೂಕಕ್ಕೇ ಲೆಕ್ಕ ಹಿಡಿದು ಕಟ್ಟುತ್ತೇನೆ. ಭಾರ ಇದ್ದಾಗ ಹತ್ತಿ, ಖಾಲಿ ಇದ್ದಾಗ ಕಲ್ಲು. ಆಮೇಲೆ ನನಗೆ ಹೇಳಬಾರದು."

"ಖಾಲಿ ಯಾಕೆ ಓಡಿಸುತ್ತೇನೆ? ಕಟ್ಟಿ" ಎಂದರು ಹಮೂದ್.

ಹಾಕಿದ ದಪ್ಪ ಪ್ಲೇಟನ್ನೆಲ್ಲ ಬಿಚ್ಚಿ ಎಸೆದೆವು. ಕಂಪನಿಯ ಹಳೆಯ ಪ್ಲೇಟನ್ನೂ ತೆಗೆದು ಶೆಡ್ಡಿನ ಹಿಂದೆ ಇಟ್ಟೆವು. ಹೊಸ ಕಮಾನಿಗೆ ತೆಳು ಪ್ಲೇಟುಗಳು, ಸಂಖ್ಯೆಯಲ್ಲಿ ಹೆಚ್ಚು, ಉದ್ದದಲ್ಲೂ ಹೆಚ್ಚು. ತೆಳುವಾದದ್ದು ಬಾಗುತ್ತದೆ, ಹಲವು ಸೇರಿದರೆ ಹೊರುತ್ತದೆ. ಪ್ಲೇಟಿಗೆ ಪ್ಲೇಟು ಉಜ್ಜಬಾರದೆಂದು ನಡುನಡುವೆ ರಬ್ಬರ್ ಪಟ್ಟಿ ಇಟ್ಟೆವು. ಗಾಡಿ ಕುಣಿಯುವುದನ್ನು ತಡೆಯುವ ಶಾಕ್ ಅಬ್ಸಾರ್ಬರನ್ನು ದಪ್ಪದ್ದು ಹಾಕಿದೆವು, ವಾಲದ ಹಾಗೆ ಹಿಂದೆ ಅಡ್ಡಕ್ಕೆ ಒಂದು ಸರಳು. ಆಮೇಲೆ ನನಗೆ ಒಂಟೆ ನೆನಪಾಯಿತು. "ಉಸ್ತಾದ್, ನೀರಿನ ಟ್ಯಾಂಕು ಬಾಗಿಲ ಹತ್ತಿರ ಇದೆ, ಹಾಸಿಗೆಯೂ ಹಿಂದೆಯೇ ಇದೆ" ಎಂದೆ. ಅವರು ನನ್ನ ಬೆನ್ನಿಗೊಂದು ಗುದ್ದಿ, "ಶಾಬಾಶ್! ಎರಡನ್ನೂ ಕ್ಯಾಬಿನ್ನಿಗೆ ತಾಗಿಸು" ಎಂದರು. ಮೇಲಿದ್ದ ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಎಡಮಗ್ಗುಲಾಗಿ ಮಲಗಿದರೆ ಕೈಗೆ ಸಿಗುವಲ್ಲಿ ನಾನೊಂದು ಸ್ವಿಚ್ ಹಾಕಿದೆ. ಒತ್ತಿದರೆ ಕ್ಯಾಬಿನ್ನಿನಲ್ಲಿ ಬೆಲ್ ಬಾರಿಸುತ್ತದೆ. ಮತ್ರಾ ಸೂಕ್ ಎಂಬ ಹಳೆಯ ಪೇಟೆಯಿಂದ ತಂದ ಮನೆಬಾಗಿಲಿನ ಬೆಲ್ಲು, ಹಕ್ಕಿ ಕೂಗುವಂಥದ್ದು. ನನ್ನ ಬೊಬ್ಬೆ ಯಾರಿಗೂ ಕೇಳಿಸದ ಸಂಕಟ ನನಗೆ ಗೊತ್ತಿತ್ತಲ್ಲ.

ಮತ್ತೆ ಖುರಿಯಾತ್ ರಸ್ತೆ, ಮತ್ತೆ ನಾನೇ ಅಮ್ಮ. ಈ ಸಲ ಅದೇ ರಸ್ತೆಯ ಏರುತಗ್ಗು ಕಿವಿಗೆ ಕೇಳಿಸುತ್ತಿತ್ತು, ಬೆನ್ನಿಗೆ ಗೊತ್ತಾಗುತ್ತಿರಲಿಲ್ಲ. ದೋಣಿಯಲ್ಲಿ ಮಲಗಿದ ಹಾಗೆ ಮೆಲ್ಲಗೆ ಏರಿಳಿತ. ಸುಮ್ಮನೆ ಖುಷಿಗೆ ಬೆಲ್ ಒತ್ತಿದೆ. ಹಮೂದ್ ಗಾಬರಿಯಾಗಿ ಗಾಡಿ ನಿಲ್ಲಿಸಿ ಓಡಿ ಬಂದರು. ನಾನು ಎರಡೂ ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ಅಲ್ಲೇ ರಸ್ತೆಯ ಮೇಲೆ ನನ್ನನ್ನು ಅಪ್ಪಿಕೊಂಡರು. ಅಲ್ಲಿಯವರೆಗೆ ನಾನು ಅವರಿಗೆ ಸದೀಕ್ ಆಗಿದ್ದೆ, ಎಲ್ಲ ಕೆಲಸದವರೂ ಅವರಿಗೆ ಸದೀಕ್. ಆವತ್ತಿನಿಂದ ಸದಾನಂದ್ ಆದೆ.

ಹೊರಡುವ ದಿನ ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಪೈಗಳು ನನ್ನನ್ನೂ ಜೊತೆಗೆ ಕಳಿಸಿದರು. ಚಳಿಗಾಲದ ಬೆಳಿಗ್ಗೆ. ನಾನು ಯಾರಿಗೂ ಕಾಣದ ಹಾಗೆ ಮುಂದಿನ ಟಯರಿನಡಿ ಒಂದು ಲಿಂಬೆಹಣ್ಣು ಇಟ್ಟೆ. ಉಸ್ತಾದ್ ನೋಡಿಬಿಟ್ಟರು. ಕಾಲಿನಲ್ಲಿ ಅದನ್ನು ಟಯರಿಗೆ ಇನ್ನೂ ಸರಿಯಾಗಿ ತಾಗಿಸಿ, "ಬಿಸ್ಮಿಲ್ಲಾ" ಎಂದು ಬಾನೆಟ್ ತಟ್ಟಿದರು.

ಸಿನಾವ್ ಬಂತು, ಹೋಯಿತು. ಡಾಂಬರು ಮುಗಿಯಿತು. ಹಮೂದರ ಕಣ್ಣು ರಸ್ತೆಯ ಮೇಲೆ, ಕಿವಿ ಬೆಲ್ಲಿನ ಮೇಲೆ. ಬೆಲ್ ಬಾರಿಸಲಿಲ್ಲ. ಬಹಳ ದೂರ ಬಂದ ಮೇಲೂ ಬಾರಿಸಲಿಲ್ಲ. "ಸದಾನಂದ್, ನೋವಾಗಿ ಎಚ್ಚರ ತಪ್ಪಿರಬಹುದಾ?" ಎಂದರು. ಮುಖ ಬಿಳಿಚಿಹೋಗಿತ್ತು. ಗಾಡಿ ನಿಲ್ಲಿಸಿ ಇಬ್ಬರೂ ಓಡಿ ಬಾಗಿಲು ತೆಗೆದೆವು.

ಅಜ್ಜಿ ಗೊರಕೆ ಹೊಡೆಯುತ್ತಿದ್ದರು.

ಹುಡುಗರೇ, ನಾನು ಎಷ್ಟೋ ಸರ್ಟಿಫಿಕೇಟ್ ನೋಡಿದ್ದೇನೆ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನೂ ನೋಡಿದ್ದೇನೆ. ನಮ್ಮ ಕೆಲಸಕ್ಕೆ ಆ ಗೊರಕೆಗಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಹಮೂದ್ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದರು. ಆಮೇಲೆ ಕ್ಯಾಬಿನ್ನಿನಲ್ಲಿ ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಹಳ್ಳಿ ಎಂದರೆ ನಾಲ್ಕಾರು ಮನೆ, ಬಲೆ, ದೋಣಿ, ಗಾಳಿ. ಗಾಡಿ ನಿಂತದ್ದೇ ಒಂದು ಮನೆಯಿಂದ ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ತಂಗಿಗಿಂತಲೂ ಸಣ್ಣ ಜೀವ. ತಂಗಿಯನ್ನು ಇಳಿಸಲು ನಾವು ಸಿದ್ಧವಾಗುತ್ತಿದ್ದರೆ ಆಕೆ ಪೆಟ್ಟಿಗೆಯ ಮೆಟ್ಟಿಲು ತಡಕಿ ತಾನೇ ಮೇಲೆ ಹತ್ತಿದರು. ತಂಗಿಯ ಮುಖದ ಮೇಲೆ ಕೈಯಾಡಿಸಿದರು, ಹಣೆ, ಮೂಗು, ಗಲ್ಲ. "ಮುದುಕಿಯಾಗಿದ್ದೀಯಲ್ಲೇ!" ಎಂದರು. "ನೀನೇನು ಹುಡುಗಿಯಾ?" ಎಂದರು ಝೈನಾ ಅಜ್ಜಿ. ಇಬ್ಬರೂ ಅಳುತ್ತಲೇ ಜಗಳ ಶುರುಮಾಡಿದರು. ನಾನು ಬೇರೆ ಕಡೆ ಮುಖ ತಿರುಗಿಸಿ ಟಯರು ನೋಡಿದೆ, ಟಯರು ಸರಿಯಾಗಿ ಕಾಣಿಸಲಿಲ್ಲ.

ಆ ರಾತ್ರಿ ಇಬ್ಬರೂ ಪೆಟ್ಟಿಗೆಯಲ್ಲೇ ಮಲಗಿದರು. ಬೆಳಿಗ್ಗೆ ಹೊರಡುವ ಮಾತು ಬಂದಾಗ ಝೈನಾ ಅಜ್ಜಿ, "ಈ ಪೆಟ್ಟಿಗೆಗೆ ಕಾಲಿದೆ ಅಲ್ಲವಾ ಹಮೂದ್? ಇಳಿಸು. ಅಕ್ಕನ ಗೋಡೆಗೆ ತಾಗಿಸಿ ನಿಲ್ಲಿಸು" ಎಂದರು.

"ನೋಡಿ ಬರೋಣ ಎಂದು ತಾನೇ ಬಂದದ್ದು, ಅಮ್ಮಾ?"

"ನೋಡಿದೆನಲ್ಲ. ಇನ್ನು ಬರುವುದು ಯಾಕೆ?"

ಹಮೂದ್ ಬೇಡಿಕೊಂಡರು. ಆಸ್ಪತ್ರೆ ಇಲ್ಲ, ಫೋನ್ ಸಿಗುವುದಿಲ್ಲ, ಮೊಮ್ಮಕ್ಕಳು ಕೇಳುತ್ತಾರೆ ಎಂದರು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ನೀನು ಬಾ. ಮಕ್ಕಳನ್ನೂ ಕರೆದುಕೊಂಡು ಬಾ. ನಾನು ಇಲ್ಲಿರುತ್ತೇನೆ" ಎಂದರು. ನೋಡಿಕೊಳ್ಳಲು ಅಕ್ಕನ ಸೊಸೆ ಇದ್ದರು, ಕೈತುಂಬ ಮೊಮ್ಮಕ್ಕಳಿದ್ದರು. ಹಮೂದ್ ನನ್ನ ಮುಖ ನೋಡಿದರು. ಇಬ್ಬರೂ ಸೇರಿ ನಾಲ್ಕು ಕಾಲುಗಳನ್ನು ಇಳಿಸಿದೆವು, ಬೆಲ್ಲಿನ ವೈರನ್ನು ನಾನು ಕತ್ತರಿಸಿದೆ. ಹಮೂದ್ ಪಿಕಪ್ಪನ್ನು ಮೆಲ್ಲಗೆ ಅಡಿಯಿಂದ ಹೊರಗೆ ತಂದರು. ಭಾರ ಕಳೆದ ಹಿಂಭಾಗ ಮೇಲಕ್ಕೆದ್ದು ನಿಂತಿತು.

ವಾಪಸ್ ಬರುವ ದಾರಿ ನೆನೆದರೆ ನನ್ನ ಸೊಂಟ ಈಗಲೂ ಹಿಡಿದುಕೊಳ್ಳುತ್ತದೆ. ಉಸ್ತಾದ್ ಹೇಳಿದ್ದು ಸುಳ್ಳಾಗಲಿಲ್ಲ, ಖಾಲಿ ಗಾಡಿ ಕಲ್ಲೇ. ಪ್ರತಿ ಏರಿಗೂ ನಮ್ಮ ತಲೆ ಕ್ಯಾಬಿನ್ನಿನ ಮಾಡಿಗೆ ಬಡಿಯುತ್ತಿತ್ತು. "ಅಮ್ಮ ಮಲಗಿಕೊಂಡು ಹೋದಳು, ನಾನು ಒದೆ ತಿನ್ನುತ್ತಾ ಬರುತ್ತಿದ್ದೇನೆ" ಎಂದು ಹಮೂದ್ ನಕ್ಕರು. ನಕ್ಕು ಮುಗಿಯುವ ಮೊದಲೇ ಕಣ್ಣೊರೆಸಿಕೊಂಡರು. "ನೀವು ಇಷ್ಟು ಚೆನ್ನಾಗಿ ಮಾಡಿಕೊಡಬಾರದಿತ್ತು ಸದಾನಂದ್. ನೋವಾಗಿದ್ದರೆ ಅರ್ಧ ದಾರಿಯಲ್ಲಿ ತಿರುಗಿಸು ಎನ್ನುತ್ತಿದ್ದಳು, ನನ್ನ ಜೊತೆಗೇ ಇರುತ್ತಿದ್ದಳು" ಎಂದರು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು, ಬಹಳ ಬೇಸರವೂ ಆಯಿತು.

ಗ್ಯಾರೇಜಿಗೆ ಬಂದಾಗ ಉಸ್ತಾದ್ ಗಾಡಿಯ ಹಿಂಭಾಗ ನೋಡಿಯೇ ವಿಷಯ ತಿಳಿದುಕೊಂಡರು. "ಹಳೆಯ ಪ್ಲೇಟು ಇಟ್ಟಿದ್ದೇನೆ ಅರ್ಬಾಬ್. ಸಂಜೆಯೊಳಗೆ ಹಾಕಿಕೊಡುತ್ತೇನೆ, ಮೊದಲಿನ ಹಾಗೇ ಓಡಿಸಬಹುದು" ಎಂದು ಸ್ಪ್ಯಾನರ್ ಎತ್ತಿಕೊಂಡರು.

ಹಮೂದ್ ಅವರ ಕೈ ಹಿಡಿದು ತಡೆದರು. "ಬೇಡ. ಇರಲಿ" ಎಂದರು. "ಅಮ್ಮನಿಗೆ ಯಾವಾಗಲಾದರೂ ಬರಬೇಕು ಅನ್ನಿಸಬಹುದು. ಆಗ ಗಾಡಿ ತಯಾರಿರಬೇಕು."

ಹಾಗೆ ಆ ಮನುಷ್ಯ ವರ್ಷಗಟ್ಟಲೆ ಆ ಕಲ್ಲಿನ ಗಾಡಿಯನ್ನೇ ಓಡಿಸಿದರು. ಶಾಲೆಗೆ ಅದೇ, ಮಾರ್ಕೆಟ್ಟಿಗೆ ಅದೇ, ರಜೆ ಬಂದರೆ ಅಮ್ಮನ ಹತ್ತಿರ ಹೋಗಲಿಕ್ಕೂ ಅದೇ. ಹೆಂಡತಿ ಆ ಗಾಡಿ ಹತ್ತುವುದನ್ನೇ ಬಿಟ್ಟರಂತೆ. ಸ್ಪೀಡ್ ಬ್ರೇಕರ್ ಮೇಲೆ ಅವರ ಪಿಕಪ್ಪು ಎಗರುವ ಸದ್ದು ಕೇಳಿದರೆ ಪೈಗಳು ಆಫೀಸಿನಿಂದಲೇ "ಹಮೂದ್ ಬಂದರು, ಚಾ ಇಡಿ" ಎನ್ನುತ್ತಿದ್ದರು. ಬುಶ್ ಸವೆದಿದೆ, ಗ್ರೀಸ್ ಹಾಕಿ ಎಂದು ನೆಪ ಹೇಳಿಕೊಂಡು ಬಂದು ಅಕ್ಕತಂಗಿಯರ ಹೊಸ ಜಗಳದ ಸುದ್ದಿ ಹೇಳುತ್ತಿದ್ದರು. ಪೆಟ್ಟಿಗೆಯ ಒಲೆಯಲ್ಲಿ ಮೀನಿನ ಸಾರು ಯಾರು ಮಾಡಬೇಕು ಎನ್ನುವುದೇ ದೊಡ್ಡ ವ್ಯಾಜ್ಯವಂತೆ. ಪ್ರತಿ ಸಲ ನಾನು "ಬಿಚ್ಚೋಣವಾ?" ಎನ್ನುವುದು, ಅವರು "ಇನ್ನೂ ಬೇಡ" ಎನ್ನುವುದು. ಕ್ಯಾಬಿನ್ನಿನಲ್ಲಿ ಆ ಬೆಲ್ಲು ತುಂಡು ವೈರಿನ ಜೊತೆ ಹಾಗೇ ಇತ್ತು.

ಈ ನಡುವೆ ನಮ್ಮ ಕೆಲಸ ಬದಲಾಯಿತು. ಕುಲುಮೆ ಹೋಯಿತು, ಪ್ಲೇಟುಗಳು ಬಾಕ್ಸಿನಲ್ಲಿ ಬರತೊಡಗಿದವು, ಗಾಳಿ ತುಂಬುವ ಚೀಲಗಳು ಬಂದವು. ಒಳ್ಳೆಯ ವಸ್ತುಗಳೇ, ನಾನು ಅವನ್ನು ಬೈಯುವುದಿಲ್ಲ. ಆದರೆ ಒಂದು ಪದ್ಧತಿ ನಮ್ಮ ಶೆಡ್ಡಿನಲ್ಲಿ ಕೊನೆಯವರೆಗೂ ಉಳಿಯಿತು. ಮೂಟೆ ಹೇರುವುದು ಇದ್ದದ್ದೇ, ಅದರ ಮೇಲೆ, ಗಾಡಿಯಲ್ಲಿ ಯಾರು ಎಲ್ಲಿ ಕೂರುತ್ತಾರೋ, ಮಲಗುತ್ತಾರೋ, ಅಲ್ಲಿ ನಮ್ಮಲ್ಲೊಬ್ಬ ಕೂತು, ಮಲಗಿ ಒಂದು ಸುತ್ತು ಹೋಗಿ ಬರಬೇಕು. ಪೈಗಳೇ ಆ ಆರ್ಡರ್ ಮಾಡಿದ್ದು. ನೀವು ಎಲ್ಲಿಗೆ ಹೋದರೂ ಇದೊಂದನ್ನು ಬಿಡಬೇಡಿ.

ನಾನು ಊರಿಗೆ ಮರಳುವ ಸ್ವಲ್ಪ ಮೊದಲು ಒಂದು ಮಧ್ಯಾಹ್ನ ಹಮೂದರ ಗಾಡಿ ಬಂತು. ಪೈಗಳು ಚಾ ಎಂದು ಕೂಗಿದರು. ಹಮೂದ್ ಇಳಿದು ನನ್ನ ಹತ್ತಿರ ಬಂದರು, ಗ್ರೀಸ್ ಎನ್ನಲಿಲ್ಲ, ಬುಶ್ ಎನ್ನಲಿಲ್ಲ. "ಈಗ ಬಿಚ್ಚು ಸದಾನಂದ್" ಎಂದರು.

ಅಮ್ಮ ನಿದ್ದೆಯಲ್ಲೇ ತೀರಿಕೊಂಡರಂತೆ, ಅದೇ ಹಾಸಿಗೆಯಲ್ಲಿ, ಅಕ್ಕ ಪಕ್ಕದಲ್ಲಿದ್ದಾಗ. ಆ ಊರಿನ ಮಣ್ಣಿನಲ್ಲೇ ಮಲಗಿಸಿ ಬಂದಿದ್ದರು. "ದೊಡ್ಡಮ್ಮ ಪೆಟ್ಟಿಗೆಯಿಂದ ಇಳಿಯುತ್ತಿಲ್ಲ. ಅದು ಅಲ್ಲೇ ಇರಲಿ ಎಂದು ಬಿಟ್ಟು ಬಂದೆ" ಎಂದರು.

ಉಸ್ತಾದ್ ಶೆಡ್ಡಿನ ಹಿಂದೆ ಹೋಗಿ ಗೋಣಿಯಲ್ಲಿ ಸುತ್ತಿದ ಹಳೆಯ ಪ್ಲೇಟುಗಳನ್ನು ತಂದರು. ಒಂದು ಚೂರು ತುಕ್ಕಿರಲಿಲ್ಲ. ಇಷ್ಟು ವರ್ಷ ಅವರು ಅದಕ್ಕೆ ಎಣ್ಣೆ ಹಚ್ಚುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಆವತ್ತು ಉಸ್ತಾದ್ ನನಗೆ ಒಂದು ಸಲವೂ ಬೈಯಲಿಲ್ಲ. ಇಬ್ಬರೂ ಸೇರಿ ಬಿಚ್ಚಿದೆವು, ಸೇರಿಯೇ ಕಟ್ಟಿದೆವು. ಪೈಗಳು ಕಿಟಕಿಯಿಂದ ನೋಡುತ್ತಿದ್ದರು, ಖಲಾಸಾ ಎಂದು ಕೇಳಲಿಲ್ಲ.

ಹಮೂದ್ ಗಾಡಿ ತೆಗೆದುಕೊಂಡು ಒಂದು ಸುತ್ತು ಹೋದರು. ವಾಪಸ್ ಬರುವಾಗ ಸ್ಪೀಡ್ ಬ್ರೇಕರ್ ದಾಟಿದ ಸದ್ದೇ ಕೇಳಿಸಲಿಲ್ಲ. ಗ್ಯಾರೇಜಿನ ಎದುರು ನಿಲ್ಲಿಸಿದರು, ಇಳಿಯಲಿಲ್ಲ. ಉಸ್ತಾದ್ ಕಿಟಕಿಯ ಹತ್ತಿರ ಹೋಗಿ, "ಹೇಗಿದೆ ಅರ್ಬಾಬ್?" ಎಂದು ಕೇಳಿದರು.

"ಮೆತ್ತಗಿದೆ" ಎಂದರು ಹಮೂದ್. "ತುಂಬಾ ಮೆತ್ತಗಿದೆ ಉಸ್ತಾದ್" ಎಂದವರು ಸ್ಟಿಯರಿಂಗಿಗೆ ಹಣೆ ಹಚ್ಚಿ ಮಗುವಿನ ಹಾಗೆ ಅತ್ತರು.